ಉಂಡ ಮೇಲಿನ ಅರ್ಧ ತಾಸು

ವಾಡಿಯ ರೈಲ್ವೆ ಕ್ವಾರ್ಟರ್ಸಿನ ಆ ಮನೆಯಲ್ಲಿ ನೀಲಾಬಾಯಿ ಊಟ ಕಡಿಮೆ ಮಾಡಿದ್ದು ಸೊಸೆಯ ಮೇಲಿನ ಸಿಟ್ಟಿಗೆ ಎಂದೇ ಎಲ್ಲರೂ ನಂಬಿದ್ದರು.

ನಂಬುವುದಕ್ಕೆ ಕಾರಣವೂ ಇತ್ತು. ಸಂಕ್ರಾಂತಿ ಮುಗಿದ ಮೇಲೆ ಸೊಸೆ ಉಮಾದೇವಿ ಓಣಿಯ ಹೆಣ್ಣುಮಕ್ಕಳ ಸಂಘ ಸೇರಿ, ಕಡಕ್ ರೊಟ್ಟಿ ಮಾಡಿ ಊರ ಖಾನಾವಳಿಗೂ ಕಲಬುರಗಿಯ ಅಂಗಡಿಗಳಿಗೂ ಕೊಡಲು ಶುರುಮಾಡಿದ್ದಳು. ಮೊದಲ ಗಂಟು ಹೊರಗೆ ಹೋದ ದಿನವೇ ಅತ್ತೆ ಸೊಸೆಗೆ ಜೋರು ಮಾತಾಯಿತು.

"ರೊಟ್ಟಿ ಮಾರೋ ವಸ್ತು ಏನ ಉಮಾ? ನಮ್ಮ ಮನಿ ರೊಟ್ಟಿ ಬಾಗಲಿಗಿ ಬಂದವರ ಕೈಯಾಗ ಇಟ್ಟೀವಿ. ಅಂಗಡಿಗಿ ಹಾಕಿಲ್ಲ."

"ನಾ ಏನ್ ಕದ್ದು ಮಾರ್ಲಿಕತ್ತೀನೇನ್ರಿ ಅತ್ತಿ? ಕೈಯಾಗ ಕಸಬದ, ಮಾಡ್ಲಿಕತ್ತೀನಿ."

"ಆ ಕಸಬು ಕಲಿಸಿದಾಕಿ ಯಾರು?"

"ನೀವೇರಿ. ಅದಕ್ಕೇ ಅಂಗಡ್ಯಾವ್ರು ಒಂದೂ ವಾಪಸ್ ಕಳಸವಲ್ರು."

ಪೇಪರಿನ ಹಿಂದೆ ಕೂತಿದ್ದ ಮಾವ ಮಡಿವಾಳಯ್ಯ ಫಕ್ಕನೆ ನಕ್ಕುಬಿಟ್ಟರು. ನೀಲಾಬಾಯಿ ನಗಲಿಲ್ಲ. ಅದೇ ವಾರದಿಂದ ಅವಳ ತಟ್ಟೆಯಲ್ಲಿ ರೊಟ್ಟಿ ಅರ್ಧಕ್ಕೆ ಉಳಿಯತೊಡಗಿತು.

ಉಮಾದೇವಿಗೆ ಆ ಉಳಿದ ಅರ್ಧ ರೊಟ್ಟಿ ಕಂಡಾಗಲೆಲ್ಲ ಶಹಾಬಾದಿನ ಮನೆ ಕಣ್ಣಮುಂದೆ ಬರುತ್ತಿತ್ತು. ಕಾಳಗಿಯಲ್ಲಿ ತಾಯಿಯಿಲ್ಲದೆ ಬೆಳೆದ ಅವಳು ರೊಟ್ಟಿ ಬಡಿಯಲು ಬಾರದ ಸೊಸೆಯಾಗಿ ಆ ಮನೆಗೆ ಬಂದವಳು. ಆಗ ಮಾವನಿಗೆ ಶಹಾಬಾದಿನ ಫ್ಯಾಕ್ಟರಿಯಲ್ಲಿ ಕೆಲಸ. ತಲೆಯ ಮೇಲೆ ಕಲ್ಲಿನ ಹಾಸು, ಕಾಲ ಕೆಳಗೂ ಅದೇ ಕಲ್ಲು. ಅಡುಗೆಮನೆಯ ಮೂಲೆಯಲ್ಲಿ ಕಟ್ಟಿಗೆ ಒಲೆ. ನೀಲಾಬಾಯಿ ಹಿಂದೆ ಕೂತು ಸೊಸೆಯ ಎರಡೂ ಮಣಿಕಟ್ಟು ಹಿಡಿದು ಪರಾತದಲ್ಲಿ ಹಿಟ್ಟು ಬಡಿಸುತ್ತಿದ್ದಳು. "ಕೈ ತಿರುಗ್ಲಿ, ರೊಟ್ಟಿ ತಾನೇ ತಿರುಗ್ತದ," ಎನ್ನುತ್ತಿದ್ದಳು. ಹರಿದ ರೊಟ್ಟಿಗಳನ್ನೆಲ್ಲ ಗಂಡಸರಿಗೆ ಕಾಣದಂತೆ ತನ್ನ ತಟ್ಟೆಗೇ ಹಾಕಿಕೊಳ್ಳುತ್ತಿದ್ದಳು. ಎಲ್ಲರ ಊಟ ಮುಗಿದ ಮೇಲೆ ಅತ್ತೆ ಸೊಸೆ ಬೆಚ್ಚಗಿನ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಎಣ್ಣೆ ಸುರಿದ ಶೇಂಗಾ ಹಿಂಡಿ. ನೀಲಾಬಾಯಿ ಉಣ್ಣುವುದನ್ನು ನೋಡಿದರೆ ಹೊಟ್ಟೆ ತುಂಬಿದವರಿಗೂ ಹಸಿವಾಗಬೇಕು, ಹಾಗೆ ಉಣ್ಣುತ್ತಿದ್ದಳು. "ಉಣ್ಣೋದ್ರಾಗ ನಾಚಿಕಿ ಯಾಕ?" ಎಂದು ಸೊಸೆಯ ತಟ್ಟೆಗೆ ಮತ್ತೊಂದು ಒಗೆಯುತ್ತಿದ್ದಳು.

ಅಂಥವಳು ಈಗ ತುತ್ತು ಎಣಿಸುತ್ತಿದ್ದಳು.

"ಏ ನೀಲಾ, ಸಿಟ್ಟು ಬ್ಯಾರೆ, ಊಟ ಬ್ಯಾರೆ. ಉಣ್ಣು," ಎಂದರು ಮಡಿವಾಳಯ್ಯ.

"ಹಸಿವಿಲ್ರಿ ನನಗ."

ಮಗ ಶರಣಕುಮಾರ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದ. ಡ್ಯೂಟಿ ಮುಗಿಸಿ ಬಂದವನು ಹೆಂಡತಿಯನ್ನು ಹಿತ್ತಲಿಗೆ ಕರೆದ. "ನಿನ್ನ ರೊಟ್ಟಿ ಧಂಧೆ ಜರಾ ಬಂದ್ ಇಡು. ಅವ್ವ ತಾನೇ ಉಣ್ತಾಳ."

"ಬಂದ್ ಇಟ್ಟ ಮ್ಯಾಲನೂ ಉಣ್ಣಲಿಲ್ಲಂದ್ರ?"

"ಮೊದಲು ಇಟ್ಟು ನೋಡು."

ಅವಳು ಒಂದು ವಾರ ಇಟ್ಟು ನೋಡಿದಳು. ಸಂಘದವರಿಂದ ಮಾತು ಕೇಳಿಸಿಕೊಂಡಳು, ಅಂಗಡಿಯವನಿಂದಲೂ ಕೇಳಿಸಿಕೊಂಡಳು. ನೀಲಾಬಾಯಿಯ ತಟ್ಟೆಯಲ್ಲಿ ರೊಟ್ಟಿ ಉಳಿಯುವುದು ಮಾತ್ರ ನಿಲ್ಲಲಿಲ್ಲ. ಆದರೆ ಅದನ್ನು ಉಮಾದೇವಿಯ ಪರವಾಗಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಯುಗಾದಿಗೆ ಸೇಡಂನಿಂದ ಮಗಳು ದಾನಮ್ಮ ಬಂದಳು. ತಾಯಿಯ ಕೈಬಳೆ ಮೊಣಕೈಯವರೆಗೆ ಜಾರುವುದನ್ನು ನೋಡಿ ಚೀಲವನ್ನು ಹೊಸ್ತಿಲಲ್ಲೇ ಇಟ್ಟಳು.

"ಇದೇನ ಯವ್ವಾ ಇದು? ವೈನಿ, ಅಂಗಡಿ ಮಂದಿಗಿ ಗಂಟು ಕಟ್ಟಿ ಕಳಸ್ತೀರಿ, ನಮ್ಮವ್ವಗ ಒಂದು ರೊಟ್ಟಿ ಉಣಸಲಿಕ್ಕಿ ಆಗವಲ್ದೇನ್ರಿ?"

"ಹಾಕ್ದ ರೊಟ್ಟಿ ತಟ್ಯಾಗೇ ಉಳೀತದ ದಾನಮ್ಮ. ನಾ ಏನ್ ಬಾಯಾಗ ತುರುಕ್ಲಿ?"

"ಪ್ರೀತಿಲೆ ಹಾಕಿದ್ರ ಯಾರು ಉಣ್ಣಲ್ಲ?"

ಆ ಮಾತು ಉಮಾದೇವಿಗೆ ಕಾದ ಹಂಚು ಮುಟ್ಟಿದಂತಾಯಿತು. ಅವಳು ಅತ್ತೆಯ ಮುಖ ನೋಡಿದಳು, ಇಲ್ಲವೆಂದು ಒಂದು ಮಾತು ಹೇಳಲಿ ಎಂದು. ನೀಲಾಬಾಯಿ ಸೆರಗಿನ ಅಂಚನ್ನು ಮಡಚುತ್ತಾ ಕೂತಿದ್ದಳು. ಮರುದಿನ ಮುಂಜಾನೆಯ ಪ್ಯಾಸೆಂಜರಿಗೆ ದಾನಮ್ಮ ತಾಯಿಯನ್ನು ಸೇಡಂಗೆ ಕರೆದುಕೊಂಡು ಹೋದಳು.

ಆಮೇಲೆ ಫೋನು ಬರತೊಡಗಿತು. "ಇಲ್ಲಿ ಚಂದ ಉಣ್ಲಿಕತ್ತಾಳ್ರಿ ವೈನಿ. ಎರಡೆರಡು ರೊಟ್ಟಿ, ಮ್ಯಾಲ ಅನ್ನ. ನಮ್ಮ ತೊಗರಿಬ್ಯಾಳಿ ಅಂದ್ರ ಜೀವ."

"ಉಣ್ಲಿ ಬಿಡು, ಉಣ್ಲಿ," ಎಂದು ಉಮಾದೇವಿ ಫೋನು ಇಟ್ಟಳು. ಅವತ್ತು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಮಾವ ಒಂದು ಮಾತೂ ಆಡದೆ ಉಂಡೆದ್ದರು. ಬೀದರಿನ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದ ತನ್ನ ಮಗಳು ಫೋನು ಮಾಡಿ ಅಜ್ಜಿ ಎಲ್ಲಿ ಎಂದಾಗ, "ಮಗಳ ಕೈ ಊಟ ಉಣ್ಣಲಿಕ್ಕಿ ಹೋಗ್ಯಾರ," ಎಂದಷ್ಟೇ ಹೇಳಿದಳು.

ಬೇಸಿಗೆಯ ಬಿಸಿಲು ಏರಿದ ಮೇಲೆ ಶರಣಕುಮಾರ ಹೋಗಿ ತಾಯಿಯನ್ನು ವಾಪಸ್ ಕರೆತಂದ. ವಾಡಿಯ ಪ್ಲಾಟ್‌ಫಾರಂನಲ್ಲಿ ಮಗನ ಕೈ ಹಿಡಿದು ಇಳಿದ ನೀಲಾಬಾಯಿಯನ್ನು ಕಂಡು ಉಮಾದೇವಿಗೆ ಮೊದಲು ಗುರುತೇ ಹತ್ತಲಿಲ್ಲ. ಸೀರೆಯೊಳಗೆ ಮನುಷ್ಯರು ಇದ್ದಾರೋ ಇಲ್ಲವೋ ಎನ್ನುವಂತಿತ್ತು.

"ಎರಡೆರಡು ರೊಟ್ಟಿ ಉಂಡ ಮೈಯೇನ್ರಿ ಇದು?" ಎಂದು ಗಂಡನನ್ನು ಕೇಳಿದಳು.

ಶರಣಕುಮಾರ ಚೀಲ ಹೆಗಲಿಗೇರಿಸಿ ಮುಂದೆ ನಡೆದ.

ಅಂದಿನಿಂದ ಉಮಾದೇವಿ ಅತ್ತೆಯನ್ನು ಗಮನವಿಟ್ಟು ನೋಡತೊಡಗಿದಳು. ಸಿಟ್ಟಿದ್ದವರು ಹಂಚಿನ ಮೇಲಿನ ರೊಟ್ಟಿಯನ್ನು ಹಾಗೆ ನೋಡುವುದಿಲ್ಲ. ಒಂದು ಮಧ್ಯಾಹ್ನ ನೀಲಾಬಾಯಿ ತಾನೇ ಒಲೆಯ ಹತ್ತಿರ ಬಂದು ಕೂತಳು. "ಒಂದು ತುಣುಕು ಬಿಸಿದು ಕೊಡು ಉಮಾ. ಹಾಲಾಗ ಮುರದು ಹಾಕು." ಕಣ್ಣು ಮುಚ್ಚಿ, ಬಟ್ಟಲ ತಳದ ಹಾಲನ್ನೂ ಬಿಡದೆ ಉಂಡಳು. ಉಮಾದೇವಿಗೆ ಹಿಗ್ಗೋ ಹಿಗ್ಗು. ಪಾತ್ರೆ ತೊಳೆದು ಒಳಗೆ ಬರುವಷ್ಟರಲ್ಲಿ ಅರ್ಧ ತಾಸು ಆಗಿರಬಹುದು. ಹಿಂದಿನ ಕೋಣೆಯ ಬರಿಯ ನೆಲದ ಮೇಲೆ ನೀಲಾಬಾಯಿ ಬೋರಲಾಗಿ ಬಿದ್ದಿದ್ದಳು. ಬಾಯೊಳಗೆ ಸೆರಗು ತುರುಕಿಕೊಂಡಿದ್ದಳು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಅತ್ತಿ! ಏನಾಯ್ತ್ರಿ?"

"ಕೂಗಬ್ಯಾಡ. ಹೋಗ್ತದ, ತಾನೇ ಹೋಗ್ತದ."

"ದಿನಾ ಹಿಂಗೇ ಆಗ್ತದೇನ್ರಿ?"

 ನೋವು ಇಳಿದ ಮೇಲೆ ನೀಲಾಬಾಯಿ ಗೋಡೆಗೊರಗಿ ಕೂತು ಹೇಳಿದಳು. "ಹಸಿವು ಆಗ್ತದ ಉಮಾ. ಭಾಳ ಆಗ್ತದ. ಉಂಡ್ರ ಹೊಟ್ಟಿ ಹಿಂಡ್ತದ, ಒಳಗ ಕೈ ಹಾಕಿ ಹಿಂಡಿದಂಗ. ಎಷ್ಟು ಕಡಿಮಿ ಉಣ್ತೀನೋ ಅಷ್ಟು ಕಡಿಮಿ ಬ್ಯಾನಿ."

"ಮತ್ತ ಯಾಕ ಹೇಳಲಿಲ್ರಿ? ನನ್ನ ಮ್ಯಾಲ ಸಿಟ್ಟಂತ ಮನಿ ಮಂದಿಯೆಲ್ಲಾ ಅಂದ್ಕೊಂಡಾರ!"

"ಅಂದ್ಕೊಳ್ಲಿ ಅಂತ ನಾನೇ ಬಿಟ್ಟೆ. ಸಿಟ್ಟು ಅಂದ್ರ ಮನ್ಯಾಗ ಇಟ್ಕೋತಾರ, ಬ್ಯಾನಿ ಅಂದ್ರ ದವಾಖಾನಿಗಿ ಒಯ್ತಾರ. ನಮ್ಮಕ್ಕ ಹೋಗಿದ್ಲಲ್ಲ, ಎದ್ದು ನಡಕೋತ ಹೋದಾಕಿ. ಬರೋವಾಗ ನಾಕು ಮಂದಿ ಹೊತ್ಕೊಂಡು ಬಂದ್ರು."

ಉಮಾದೇವಿಗೆ ಅಳಬೇಕೋ ಜಗಳಾಡಬೇಕೋ ತಿಳಿಯಲಿಲ್ಲ. ಕಡೆಗೆ ಒದ್ದೆ ಬಟ್ಟೆ ತಂದು ಅತ್ತೆಯ ಮುಖ ಒರೆಸಿದಳು.

ಸಂಜೆ ಗಂಡನಿಗೆ ಹೇಳಿದಳು. ಬ್ಯಾಡ ಬ್ಯಾಡ ಎಂದರೂ ನೀಲಾಬಾಯಿಯನ್ನು ಊರಿನ ದವಾಖಾನೆಗೆ ಒಯ್ದರು. ಹತ್ತು ವರ್ಷದಿಂದ ಸಕ್ಕರೆ, ಬಿ.ಪಿ. ಇದ್ದ ಜೀವ. ರಕ್ತ ತೆಗೆದು ಏನೇನೋ ನೋಡಿದರು. ಎಲ್ಲ ಇರಬೇಕಾದಷ್ಟೇ ಇತ್ತು. ಗ್ಯಾಸಿನ ಗುಳಿಗೆ ಕೊಟ್ಟು ಕಳಿಸಿದರು.

"ರಕ್ತ ಚಲೋ ಅದ ಅಂತ ಬಂತು," ಎಂದ ಶರಣಕುಮಾರ, ರಿಪೋರ್ಟನ್ನು ಟೇಬಲ್ಲಿನ ಮೇಲಿಡುತ್ತಾ. "ಇನ್ನ ಮನಸಿಂದೇ ಇರಬೇಕು."

"ರಕ್ತ ಚಲೋ ಇದ್ರ ಮೈ ಯಾಕ ಇಳೀತದೋ?" ಎಂದರು ಮಡಿವಾಳಯ್ಯ.

"ರಿಪೋರ್ಟ್ ಸುಳ್ಳು ಹೇಳ್ತದೇನಪ್ಪಾ?"

 ಆ ಕಾಗದ ಬಂದ ಮೇಲೆ ನೀಲಾಬಾಯಿಯ ನೋವಿಗೆ ಮನೆಯಲ್ಲಿ ಇದ್ದ ಅಲ್ಪಸ್ವಲ್ಪ ಜಾಗವೂ ಹೋಯಿತು.

ಬಸವ ಜಯಂತಿಯ ದಿನ ಹುಗ್ಗಿ ಮಾಡಿದ್ದರು. ಗಂಡನ ಒತ್ತಾಯಕ್ಕೆ ನೀಲಾಬಾಯಿ ಎರಡು ತುತ್ತು ಉಂಡಳು. ಸ್ವಲ್ಪ ಹೊತ್ತಿಗೆ ಬಂದ ನೋವು ಎಂದಿನದಾಗಿರಲಿಲ್ಲ. ಇಷ್ಟು ದಿನ ಸೆರಗು ಕಚ್ಚಿಕೊಂಡು ತಡೆದವಳು ಅವತ್ತು ಓಣಿಗೆ ಕೇಳುವಂತೆ ಚೀರಿದಳು. ವಾಂತಿಯಾಯಿತು. ಪಕ್ಕದ ಮನೆಯ ಅಬ್ದುಲ್ ಕರೀಮ್ ಊಟದ ಕೈಯಲ್ಲೇ ಎದ್ದು ಬಂದು ಜೀಪು ತೆಗೆದ. ಶಹಾಬಾದ್ ದಾಟುವಾಗ ನೀಲಾಬಾಯಿಯ ತಲೆ ಸೊಸೆಯ ತೊಡೆಯ ಮೇಲಿತ್ತು.

ಕಲಬುರಗಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಡ್ಯೂಟಿಯ ಮೇಲಿದ್ದ ಹುಡುಗ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಮೆತ್ತಗಿತ್ತು. ಒತ್ತಿದ ಕಡೆ ಅಂಥ ನೋವಿಲ್ಲ, ಆದರೂ ರೋಗಿ ಹಾಸಿಗೆಯಲ್ಲಿ ಹೊರಳಾಡುತ್ತಿದ್ದಾಳೆ. ರಕ್ತ ತೆಗೆದರು. ರಿಪೋರ್ಟು ಬರುವ ಹೊತ್ತಿಗೆ ಸೇಡಂನಿಂದ ದಾನಮ್ಮನೂ ಓಡಿ ಬಂದಿದ್ದಳು.

"ಕರುಳಿಗೆ ದೊಡ್ಡ ತೊಂದರೆ ಇದ್ರ ರಕ್ತದಾಗ ಲ್ಯಾಕ್ಟೇಟ್ ಅಂತ ಒಂದು ಏರ್ತದ್ರಿ," ಎಂದರು ಆ ಡಾಕ್ಟರು. "ಇವರದು ನಾರ್ಮಲ್ ಅದ. ಕಿಡ್ನಿ ಮಾತ್ರ ಜರಾ ಸುಸ್ತ ಅದ, ಸ್ಕ್ಯಾನಿಗಿ ಡೈ ಅಂತ ಔಷಧ ಚುಚ್ಚಿದ್ರ ಅದಕ್ಕ ತ್ರಾಸ ಆಗಬಹುದು. ಸಂಜಿತನ ನೋಡಿ ಮತ್ತೊಮ್ಮೆ ರಕ್ತ ತಗೀತೀವಿ."

ಅವರು ಹೋದದ್ದೇ ತಡ, ದಾನಮ್ಮ ತಿರುಗಿ ನಿಂತಳು. "ಕೇಳಿದ್ರಲ್ಲ ವೈನಿ? ಇಲ್ಲೂ ರಕ್ತದಾಗ ಏನಿಲ್ಲ. ನಮ್ಮವ್ವ ಮನಸಿಗಿ ಹಚ್ಕೊಂಡಾಳ. ಆ ಮನ್ಯಾಗ ಆಕಿಗಿ ಕಿಮ್ಮತ್ತಿಲ್ಲ."

"ಅತ್ತಿ ಒಳಗ ಸಾಯ್ಲಿಕತ್ತಾರ ದಾನಮ್ಮ! ಮನಸಿನ ಬ್ಯಾನಿಗಿ ಯಾರು ಹಿಂಗ ಹೊರಳ್ತಾರ?"

"ಜಗಳ ಬ್ಯಾಡ, ಇಬ್ರೂ ಸುಮ್ಮ ಇರ್ರಿ," ಎಂದ ಶರಣಕುಮಾರ, ಯಾರ ಮುಖವನ್ನೂ ನೋಡದೆ.

ಆಗ ಬಂದವರು ಸರ್ಜನ್ ಕಲೀಮ್ ಸಾಹೇಬರು. ನೀಲಾಬಾಯಿಯ ತೆಳ್ಳಗಿನ ತೋಳು ಹಿಡಿದು ನಾಡಿ ನೋಡಿದರು. ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಅವಳ ಮುಖವನ್ನೇ ನೋಡಿದರು. ನಂತರ ಹೊರಗೆ ಬಂದು ಕೇಳಿದರು. "ಮನ್ಯಾಗ ಇವರ ಜೋಡಿ ಯಾರು ಇರ್ತೀರಿ? ಮೊದಲಿಂದ ಹಿಂಗ ಬರ್ತಿತ್ತೇನು?"

"ಉಂಡ ಮ್ಯಾಲ ಬರ್ತಿತ್ರಿ," ಎಂದಳು ಉಮಾದೇವಿ. "ಅರ್ಧ ತಾಸಿಗಿ ಬರೋದು, ಹೊತ್ತು ಕಳದ್ರ ಇಳಿಯೋದು. ಅದಕ್ಕ ಅಂಜಿ ಊಟ ಬಿಟ್ಟಾರ್ರಿ. ಹಸಿವಿಲ್ಲಂತ ಅಲ್ಲ."

"ಬ್ಯಾರೆ ಕಡೆ ಇದ್ದಾಗ? ಅಲ್ಲೂ ಉಣ್ಣೋದು ಬಿಟ್ಟಿದ್ರಾ?"

"ಸೇಡಂದಾಗ ತಂಗಿ ಮನ್ಯಾಗ ಚಂದ ಉಣ್ತಿದ್ಲು ಸಾಹೇಬ್ರ," ಎಂದ ಶರಣಕುಮಾರ.

ಕಲೀಮರು ಹುಬ್ಬು ಗಂಟಿಕ್ಕಿದರು. ಅದು ಅವರ ಅನುಮಾನಕ್ಕೆ ಹೊಂದದ ಮಾತಾಗಿತ್ತು. ಅವರು ಮತ್ತೆ ರಿಪೋರ್ಟಿನ ಕಡೆ ನೋಡಿದರು. 

"ಇಲ್ಲ ಅಣ್ಣಾ."

ದಾನಮ್ಮನ ದನಿ ಸಣ್ಣಗಿತ್ತು. "ಇಲ್ರಿ ಡಾಕ್ಟ್ರ. ನಮ್ಮ ಮನ್ಯಾಗೂ ಉಣ್ಣಲಿಲ್ಲ. ಅರ್ಧ ರೊಟ್ಟಿನೂ ಉಣ್ಣಲಿಲ್ಲ. ಉಂಡ್ರ ಕೋಣ್ಯಾಗ ಹೋಗಿ ಬಾಗಲಾ ಹಾಕ್ಕೋತಿದ್ಲು. ಸೊಸಿ ಮನ್ಯಾಗ ಉಣ್ಣಲ್ಲಂತ ಕರ್ಕೊಂಡು ಹೋದಾಕಿ ನಾ. ಮಗಳ ಮನ್ಯಾಗೂ ಉಣವಲ್ಲಳು ಅಂತ ಯಾವ ಬಾಯಿಲೆ ಹೇಳ್ಲಿ?"

 ಕಲೀಮರು ಕಾಗದ ಮಡಚಿ ನರ್ಸನ್ನು ಕರೆದರು. "ಸ್ಕ್ಯಾನಿಗೆ ಹೇಳ್ರಿ. ಈಗಲೇ."

"ರಿಪೋರ್ಟ್ ನಾರ್ಮಲ್ ಅಂದ್ರಲ್ರಿ?" ಎಂದ ಶರಣಕುಮಾರ.

"ರಿಪೋರ್ಟ್ ತಪ್ಪಿಲ್ಲ. ಅದು ತಿಳಿಸೋದೇ ತಡವಾಗಿ. ಕರುಳಿಗೆ ರಕ್ತ ಹೋಗೋದು ಕಡಿಮಿ ಆದ್ರ ಮೊದಲು ಬರೋದು ನೋವು. ಲ್ಯಾಕ್ಟೇಟ್ ಏರೋದು ಆಮ್ಯಾಲ, ಎಷ್ಟೋ ಸಲ ಕರುಳು ಕೆಟ್ಟ ಮ್ಯಾಲ. ಅದು ಏರ್ಲಿ ಅಂತ ಕಾಯ್ಕೋತ ಕುಂತ್ರ ಮನುಷ್ಯ ಕೈ ಬಿಟ್ಟು ಹೋಗ್ತಾರ."

"ಇದೇನ್ರಿ, ಇಲ್ಲೊಂದು ಜಾಸ್ತಿ ಅಂತ ಬರದದ?" ಎಂದ ಶರಣಕುಮಾರ, ಆ ಕಾಗದ ಇಸಿದುಕೊಂಡು ನೋಡುತ್ತಾ.

"ಡಿ-ಡೈಮರ್. ಮೈಯಾಗ ಎಲ್ಲೋ ರಕ್ತ ಹೆಪ್ಪುಗಟ್ಟ್ಯದ ಅಂತ ಅನುಮಾನ ಹುಟ್ಟಸ್ತದ. ಎಲ್ಲಿ ಅಂತ ಹೇಳಲ್ಲ. ವಯಸ್ಸಾದ್ರೂ ಏರ್ತದ, ಸೋಂಕಾದ್ರೂ ಏರ್ತದ."

"ಕರುಳಿಂದೇ ಅಂತ ಖಾತ್ರಿ ಹೇಳೋ ರಕ್ತಪರೀಕ್ಷೆ ಇಲ್ಲೇನ್ರಿ?" ಎಂದಳು ಉಮಾದೇವಿ.

"ಹುಡುಕ್ಲಿಕತ್ತಾರಮ್ಮ. ಕರುಳಿನ ಒಳಪದರು ಕೆಟ್ರ ರಕ್ತಕ್ಕ ಇಳಿಯೋ ಪ್ರೋಟೀನ್ ಒಂದದ, ಅದನ್ನ ಅಳದು ನೋಡ್ಲಿಕತ್ತಾರ. ನಂಬಿ ಕುಂದ್ರೋವಂಥಾದ್ದು ಇನ್ನೂ ಕೈಗೆ ಬಂದಿಲ್ಲ. ಕಿಡ್ನಿಗೆ ತ್ರಾಸ ಆದ್ರ ಆಮ್ಯಾಲ ನೋಡ್ಕೋಬಹುದು. ಕರುಳು ಪುರಾ ಹೋದ್ರ ನೋಡ್ಕೊಳ್ಳಲಿಕ್ಕೆ ಏನೂ ಉಳಿಯಲ್ಲ."

ಸ್ಕ್ಯಾನಿನಲ್ಲಿ ಕಂಡಿತು. ಕರುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ವರ್ಷಗಳಿಂದ ಕಟ್ಟಿಕೊಳ್ಳುತ್ತಾ ಬಂದು ಎಳೆಯಷ್ಟೇ ಉಳಿದಿತ್ತು. ಆ ಎಳೆಯೊಳಗೆ ಅವತ್ತು ಒಂದು ಹೆಪ್ಪು ಬಂದು ಕೂತಿತ್ತು. ಸಂಜೆಯಾಗುವ ಮೊದಲೇ ನೀಲಾಬಾಯಿಯನ್ನು ಆಪರೇಷನ್ನಿಗೆ ಒಳಗೆ ಒಯ್ದರು.

ಹೊರಗಿನ ಬೆಂಚಿನ ಮೇಲೆ ನಾದಿನಿ ಅತ್ತಿಗೆ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು. ಮಡಿವಾಳಯ್ಯ ಎದುರಿನ ಗೋಡೆಗೊರಗಿ ನಿಂತು ಲಿಂಗವನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದರು. ದಾನಮ್ಮ ಬಾಯಿ ಬಿಟ್ಟಳು.

"ವೈನಿ, ಶಹಾಬಾದದಾಗ ನಾ ಸಾಲಿ ಬಿಟ್ಟು ಬರೋ ಹೊತ್ತಿಗಿ ನೀವಿಬ್ರು ಒಲಿ ಮುಂದ ಉಣ್ಲಿಕ್ಕಿ ಕುಂತಿರ್ತಿದ್ರಿ. ಬಾಗಲಾಗೇ ನಿಮ್ಮ ನಗಿ ಕೇಳಸ್ತಿತ್ತು. ನನಗ ಎಷ್ಟು ಹೊಟ್ಟಿಕಿಚ್ಚು ಆಗೋದು ಗೊತ್ತೇನ್ರಿ? ನಮ್ಮವ್ವನ್ನ ನೀವು ತಗೊಂಡ್ರಿ ಅನಸ್ತಿತ್ತು."

"ನನಗ ಅವ್ವ ಇರಲಿಲ್ಲ ದಾನಮ್ಮ. ಉಣ್ಲಿಕ್ಕಿ ಕುಂತ್ರ ಎಚ್ಚರಾನೇ ಇರ್ತಿರಲಿಲ್ಲ."

"ನನ್ನ ಕಂಡ ಕೂಡಲೇ ಜರಾ ಸರದು ಜಾಗ ಮಾಡ್ತಿದ್ರಿ. ಅದು ಈಗ ನೆನಪಾಗ್ಲಿಕತ್ತದ."

ಉಮಾದೇವಿ ಅವಳ ಕಡೆಗೆ ಸರಿದು ಕೂತಳು.

ಕಲೀಮರು ಹೊರಬಂದಾಗ ದೀಪ ಹಚ್ಚಿದ್ದರು. ಹೆಪ್ಪು ತೆಗೆದದ್ದಾಗಿತ್ತು, ಕಟ್ಟಿಕೊಂಡ ಜಾಗವನ್ನು ಬಿಡಿಸಿ ಅಗಲ ಮಾಡಿದ್ದಾಗಿತ್ತು. ಒಂದಿಷ್ಟು ಕರುಳು ಕಪ್ಪಗಾಗಿತ್ತು. ಅದನ್ನು ಕತ್ತರಿಸಿ ಜೋಡಿಸಿದ್ದರು. "ಉಳಿದದ್ದಕ್ಕೆ ನಮ್ಮ ಕಣ್ಣಮುಂದೇ ಬಣ್ಣ ಬಂತು," ಎಂದರು. ಮಡಿವಾಳಯ್ಯ ನಿಂತಲ್ಲೇ ಮಕ್ಕಳಂತೆ ಅತ್ತರು.

ಮನೆಗೆ ಬಂದ ಮೇಲೆ ನೀಲಾಬಾಯಿಯ ಊಟದ ಕ್ರಮವೇ ಬದಲಾಯಿತು. ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪ. ಅಂಬಲಿ, ಮೆತ್ತನ್ನ ಅನ್ನ, ಆಮೇಲೆ ಹಾಲಲ್ಲಿ ನೆನೆಸಿದ ರೊಟ್ಟಿ. ಡ್ಯೂಟಿಯಿಲ್ಲದ ಹೊತ್ತಿನಲ್ಲಿ ಶರಣಕುಮಾರನೇ ಬಟ್ಟಲು ಹಿಡಿದು ತಾಯಿಯ ಮುಂದೆ ಕೂರುತ್ತಿದ್ದ. ಉಮಾದೇವಿ ಮತ್ತೆ ಸಂಘದ ರೊಟ್ಟಿ ಶುರುಮಾಡಿದಳು. ನೀಲಾಬಾಯಿ ಮಂಚದ ಮೇಲಿಂದಲೇ ನೋಡುತ್ತಿದ್ದಳು.

"ಮಾರೋದು ನನಗ ಇನ್ನೂ ಸರಿ ಬರಲ್ಲ ಉಮಾ."

"ಗೊತ್ತದರಿ."

"ನಿಂತ್ಕೊಂಡು ಮಾಡಬ್ಯಾಡ ಮತ್ತ. ಕಾಲು ಹಿಡ್ಕೋತಾವ."

ಆದರೆ ಅಂಜಿಕೆ ಮಾತ್ರ ಹೋಗಲಿಲ್ಲ. ಪ್ರತಿ ಊಟದ ನಂತರ ನೀಲಾಬಾಯಿ ಹೊಟ್ಟೆಯ ಮೇಲೆ ಕೈಯಿಟ್ಟು, ಬಾಗಿಲ ಕಡೆ ನೋಡುತ್ತಾ, ಬರುವ ಯಾರನ್ನೋ ಕಾಯುವವಳಂತೆ ಕೂರುತ್ತಿದ್ದಳು. ಆ ಹೊತ್ತಿನಲ್ಲಿ ಮಾತಾಡಿಸಿದರೂ ಉತ್ತರವಿಲ್ಲ. ನೋವು ಬರುತ್ತಿರಲಿಲ್ಲ. ಆದರೂ ಅರ್ಧ ತಾಸು ಕಳೆಯುವ ತನಕ ಮನೆಮಂದಿಯೆಲ್ಲ ಅವಳ ಜೊತೆಗೇ ಉಸಿರು ಹಿಡಿದಂತಿರುತ್ತಿತ್ತು.

ರಕ್ತ ತೆಳ್ಳಗಾಗುವ ಗುಳಿಗೆ ಕೊಟ್ಟಿದ್ದರಿಂದ ಆಗಾಗ ಕಲಬುರಗಿಗೆ ಹೋಗಿ ರಕ್ತ ಕೊಟ್ಟು ಬರಬೇಕಿತ್ತು. ಶ್ರಾವಣದ ಒಂದು ದಿನ ಅತ್ತೆ ಸೊಸೆ ಇಬ್ಬರೇ ಹೋದರು. ರಿಪೋರ್ಟು ಇರಬೇಕಾದಂತೆಯೇ ಬಂತು. ವಾಪಸ್ ಬರುವಾಗ ಗಾಡಿಯಲ್ಲಿ ಎದುರಿಗೆ ಚಿತ್ತಾಪುರದ ಒಂದು ಕುಟುಂಬ ಕೂತಿತ್ತು. ಗಾಡಿ ಬಿಟ್ಟ ಕೂಡಲೇ ಆ ಮನೆಯ ಹಿರಿಯ ಹೆಂಗಸು ಬುತ್ತಿ ಬಿಚ್ಚಿದಳು. ಕೇಳುವ ಮೊದಲೇ ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ ನೀಲಾಬಾಯಿಯ ಮುಂದೆ ಹಿಡಿದಳು.

"ತಗೋರಿ ಅಕ್ಕ. ನಾವೊಬ್ರೇ ಹ್ಯಾಂಗ ಉಣ್ಣೋದು?"

ಉಮಾದೇವಿ ಬೇಡವೆನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ನೀಲಾಬಾಯಿ ಎರಡೂ ಕೈ ಮುಂದೆ ಮಾಡಿದ್ದಳು. ಅರ್ಧ ಮುರಿದು ಸೊಸೆಗೆ ಕೊಟ್ಟು, ಉಳಿದದ್ದನ್ನು ತಾನು ಉಂಡಳು.

ಉಂಡದ್ದೇ ಮಾತು ಶುರುವಾಯಿತು. ಆ ಹೆಂಗಸಿನ ತವರು ಶಹಾಬಾದ್ ಎಂದು ತಿಳಿದದ್ದೇ ನೆಪ. ಯಾವ ಓಣಿ, ಯಾವ ಬಾವಿ, ಫ್ಯಾಕ್ಟರಿಯ ಭೋಂಗಾ ಹೊಡೆದ ಕೂಡಲೇ ಒಲೆ ಹೊತ್ತಿಸುತ್ತಿದ್ದದ್ದು, ಕಲ್ಲಿನ ಗಣಿಯಲ್ಲಿ ಮಳೆನೀರು ನಿಂತಾಗ ಹುಡುಗರು ಈಜಲು ಹೋಗಿ ಬೈಸಿಕೊಳ್ಳುತ್ತಿದ್ದದ್ದು. "ಈಕಿ ಬಂದ ಹೊಸದಾಗ ಒಂದು ರೊಟ್ಟಿ ದುಂಡಗ ಬರ್ತಿರಲಿಲ್ರಿ," ಎಂದು ನೀಲಾಬಾಯಿ ಸೊಸೆಯ ಮೊಣಕಾಲಿಗೆ ತಟ್ಟಿದಳು. "ಈಗ ನೋಡ್ರಿ, ಕಲಬುರಗಿ ಮಂದಿ ಈಕಿ ರೊಟ್ಟಿ ಉಣ್ತಾರ."

ಉಮಾದೇವಿ ಕೈಯಲ್ಲಿದ್ದ ತುತ್ತನ್ನು ಮರೆತು ಅತ್ತೆಯನ್ನೇ ನೋಡುತ್ತಿದ್ದಳು. ಕಿಟಕಿಯ ಹೊರಗೆ ಶಹಾಬಾದ್ ಬಂತು, ನಿಂತಿತು, ಹಿಂದೆ ಸರಿಯಿತು. ನೀಲಾಬಾಯಿಯ ಕೈಗಳು ಗಾಳಿಯಲ್ಲಿ ಓಣಿ ಓಣಿಯ ದಾರಿ ತೋರಿಸುತ್ತಿದ್ದವು. ಒಂದು ಸಲವೂ ಹೊಟ್ಟೆಯ ಕಡೆಗೆ ಹೋಗಲಿಲ್ಲ. ಗಾಡಿ ವೇಗ ಕಡಿಮೆ ಮಾಡಿತು. ಜನ ಚೀಲ ಇಳಿಸತೊಡಗಿದರು. ನೀಲಾಬಾಯಿ ಇನ್ನೂ ಮಾತಾಡುತ್ತಲೇ ಇದ್ದಳು.

"ಅತ್ತಿ, ಏಳ್ರಿ. ವಾಡಿ ಬಂತು."

"ಬಂತೇನ?" ನೀಲಾಬಾಯಿ ಬೆರಗಾಗಿ ಹೊರಗೆ ನೋಡಿದಳು. "ಇಷ್ಟು ಲಗೂ?"